ಹೇಡಿತನವೋ, ಬೇನೆಯೋ?

ರಿವರ್ಸ್ ಎಂಬ ಹೆಸರನ್ನು ನಾನು ಮೊದಲು ಕಂಡದ್ದು ನೀಲಗಿರಿಯ ತೋಡರನ್ನು ಕುರಿತ ದಪ್ಪ ಗ್ರಂಥವೊಂದರ ಬೆನ್ನಿನ ಮೇಲೆ. 1901-02ರಲ್ಲಿ ನಮ್ಮ ನೆರೆಯ ಆ ಬೆಟ್ಟಗಳಲ್ಲಿ ತಿಂಗಳುಗಟ್ಟಲೆ ಉಳಿದು, ತೋಡರ ಎಮ್ಮೆ, ಹಾಲುಮನೆ, ನಂಟಸ್ತಿಕೆಗಳ ವಿಷಯವನ್ನೆಲ್ಲ ತಾಳ್ಮೆಯಿಂದ ಕೇಳಿ ಬರೆದುಕೊಂಡ ಇಂಗ್ಲಿಷ್ ವೈದ್ಯ ಆತ. ಪುಸ್ತಕ 1906ರಲ್ಲಿ ಹೊರಬಂದಿತು. ಅದೇ ಮನುಷ್ಯ ಮುಂದೆ ಸ್ಕಾಟ್ಲೆಂಡಿನ ಆಸ್ಪತ್ರೆಯೊಂದರಲ್ಲಿ, ಯುದ್ಧದಿಂದ ನಡುಗುತ್ತ ಬಂದವರ ಮಾತನ್ನೂ ಅಷ್ಟೇ ತಾಳ್ಮೆಯಿಂದ ಕೇಳಿದನೆಂದು ನನಗೆ ತಿಳಿದದ್ದು ಬಹಳ ತಡವಾಗಿ. ಮನಸ್ಸಿನ ಮೇಲಿನ ಒತ್ತಡವು ಮೈಯನ್ನು ಏನು ಮಾಡೀತೆಂಬುದನ್ನು ಲೋಕ ಕಲಿತ ಕಥೆಯಲ್ಲಿ ಆ ನಡುಗುವವರಿಗೆ ದೊಡ್ಡ ಪಾಲುಂಟು.

1914ರಲ್ಲಿ ಆರಂಭವಾದ ಮಹಾಯುದ್ಧ ಕೆಲವೇ ತಿಂಗಳುಗಳಲ್ಲಿ ಕಂದಕಗಳ ಯುದ್ಧವಾಯಿತು. ಆಸ್ಪತ್ರೆಗಳಿಗೆ ವಿಚಿತ್ರ ರೋಗಿಗಳು ಬರತೊಡಗಿದರು. ಮೈಮೇಲೆ ಗಾಯವಿಲ್ಲ, ಆದರೆ ಒಬ್ಬನಿಗೆ ಕಣ್ಣು ಕಾಣದು, ಒಬ್ಬನಿಗೆ ಮಾತು ಹೊರಡದು, ಮತ್ತೊಬ್ಬನಿಗೆ ಕಾಲು ಏಳದು. 1915ರ ಫೆಬ್ರವರಿಯಲ್ಲಿ ಚಾರ್ಲ್ಸ್ ಮೈಯರ್ಸ್ ಎಂಬ ವೈದ್ಯನು ‘ಲಾನ್ಸೆಟ್’ ಪತ್ರಿಕೆಯಲ್ಲಿ ಇಂಥ ಮೂವರ ವೃತ್ತಾಂತವನ್ನು ಬರೆದು, ಬೇನೆಯನ್ನು ‘ಷೆಲ್ ಷಾಕ್’ ಎಂದು ಕರೆದನು. ಸಿಡಿಗುಂಡಿನ ಹೊಡೆತಕ್ಕೆ ಮಿದುಳೂ ನರಗಳೂ ಅದುರಿ ಕೆಟ್ಟಿರಬೇಕೆಂದು ಮೊದಮೊದಲು ಹಲವರು ಊಹಿಸಿದರು. ಆದರೆ ಗುಂಡು ಹತ್ತಿರದಲ್ಲಿ ಸಿಡಿಯದೆ ಇದ್ದವರಿಗೂ ಅದೇ ಬೇನೆ ಬರತೊಡಗಿತು. ಆಗ ಸೈನ್ಯ ಒಂದು ಲೆಕ್ಕ ಹಾಕಿತು: ಶತ್ರುವಿನ ಗುಂಡಿನಿಂದ ಬಂದದ್ದಾದರೆ ‘ಗಾಯ’, ಇಲ್ಲವಾದರೆ ಬರಿಯ ‘ಕಾಯಿಲೆ’. ಗಾಯಕ್ಕೆ ತೋಳಿನ ಮೇಲೆ ಗೌರವದ ಪಟ್ಟಿ. ಕಾಯಿಲೆಗೆ ಅನುಮಾನದ ನೋಟ. ವೈದ್ಯರ ಚೀಟಿಯಲ್ಲಿನ ಒಂದು ಅಕ್ಷರದ ಮೇಲೆ ಮನುಷ್ಯನೊಬ್ಬನ ಮರ್ಯಾದೆ ನಿಂತಿತ್ತು.

ಅದೇ 1915ರಲ್ಲಿ, ರಣರಂಗದಿಂದ ಬಹುದೂರ, ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾಲಯದ ವಾಲ್ಟರ್ ಕ್ಯಾನನ್ ಒಂದು ಗ್ರಂಥವನ್ನು ಪ್ರಕಟಿಸಿದನು. ಬೆಕ್ಕು ಹೆದರಿದರೆ ಅದರ ಜಠರದ ಚಲನೆ ನಿಂತುಹೋಗುವುದನ್ನು ಅವನು ಎಕ್ಸ್-ರೇ ಕಿರಣಗಳಲ್ಲಿ ಕಣ್ಣಾರೆ ಕಂಡಿದ್ದನು. ಭಯವಾದಾಗ ಮೂತ್ರಪಿಂಡಗಳ ಮೇಲಿರುವ ಅಡ್ರಿನಲ್ ಗ್ರಂಥಿಗಳು ರಕ್ತಕ್ಕೆ ರಸವನ್ನು ಸುರಿಸುವುವು. ಎದೆ ಬಡಿತ ಏರುವುದು, ರಕ್ತದಲ್ಲಿ ಸಕ್ಕರೆ ಹೆಚ್ಚುವುದು, ಗಾಯವಾದರೆ ರಕ್ತ ಬೇಗ ಹೆಪ್ಪುಗಟ್ಟಲು ಸಿದ್ಧವಾಗುವುದು. ಇದೆಲ್ಲ ಏತಕ್ಕೆ? ಪ್ರಾಣಿ ಕಾದಾಡಲು, ಇಲ್ಲವೆ ಓಡಿಹೋಗಲು.

ಕಂದಕದ ಸಿಪಾಯಿಗಾದರೋ ಎರಡೂ ಇಲ್ಲ. ಮೈಲಿಗಳ ಆಚೆಯ ಫಿರಂಗಿಯೊಡನೆ ಕಾದುವುದೆಂತು? ಓಡಿದರೆ ಮರಣದಂಡನೆ. ಮೈಯೆಲ್ಲ ಸಜ್ಜಾಗಿದ್ದರೂ ಅವನು ಕೆಸರಿನಲ್ಲಿ ಸುಮ್ಮನೆ ಕುಳಿತಿರಬೇಕು, ದಿನಗಟ್ಟಲೆ. ವಿಮಾನ ನಡೆಸುವವರಿಗಿಂತ, ಹಗ್ಗ ಕಟ್ಟಿದ ಬಲೂನಿನಲ್ಲಿ ಏನೂ ಮಾಡಲಾಗದೆ ಕುಳಿತು ಶತ್ರುವನ್ನು ನೋಡುವವರಿಗೇ ಈ ಬೇನೆ ಹೆಚ್ಚೆಂದು ರಿವರ್ಸ್ ಗುರುತಿಸಿದನು. ಮನುಷ್ಯನನ್ನು ಮುರಿಯುವುದು ಅಪಾಯ ಮಾತ್ರವಲ್ಲ. ಅಪಾಯದ ಮುಂದೆ ಕೈಕಟ್ಟಿ ಕೂರಬೇಕಾದ ಅಸಹಾಯಕತೆ.

ಎಡಿನ್‌ಬರೋ ಬಳಿಯ ಕ್ರೇಗ್‌ಲಾಕ್‌ಹಾರ್ಟ್ ಆಸ್ಪತ್ರೆಯಲ್ಲಿ ರಿವರ್ಸನ ಚಿಕಿತ್ಸೆಯೆಂದರೆ ಮಾತು. ನಡೆದದ್ದನ್ನು ಮರೆತುಬಿಡೆಂದು ರೋಗಿಗೆ ಬುದ್ಧಿ ಹೇಳುವುದೇ ತಪ್ಪು, ಹಗಲು ಅದುಮಿಟ್ಟದ್ದು ರಾತ್ರಿ ಕನಸಾಗಿ ಎದ್ದು ಬರುವುದು, ಎಂದು ಅವನು 1917ರ ಕೊನೆಯಲ್ಲಿ ವಾದಿಸಿದನು. ಹಾಗೆಂದು ಅವನನ್ನು ದೇವದೂತನಾಗಿಸಬೇಕಾಗಿಲ್ಲ. ಗುಣವಾದವರನ್ನು ಮತ್ತೆ ಯುದ್ಧಕ್ಕೆ ಒಪ್ಪಿಸುವುದೇ ಅವನ ಕರ್ತವ್ಯವಾಗಿತ್ತು. ಅದು ಅವನ ಮನಸ್ಸನ್ನು ಕೊರೆಯುತ್ತಲೂ ಇತ್ತು. ಮೇಲಾಗಿ ಆ ಆಸ್ಪತ್ರೆ ಅಧಿಕಾರಿಗಳಿಗೆ ಮೀಸಲು. ಮಾತು ನಿಂತುಹೋದ ಸಾಮಾನ್ಯ ಸಿಪಾಯಿಗಳ ಗಂಟಲಿಗೆ ಲಂಡನ್ನಿನಲ್ಲಿ ಯೀಲೆಂಡ್ ಎಂಬ ವೈದ್ಯನು ವಿದ್ಯುತ್ತನ್ನು ಹಾಯಿಸಿ, ಮಾತಾಡುವವರೆಗೆ ಬಿಡುತ್ತಿರಲಿಲ್ಲ.

ಅದಕ್ಕಿಂತ ಕೆಟ್ಟ ಪಾಡೂ ಇತ್ತು. ಹ್ಯಾರಿ ಫಾರ್ ಎಂಬ ಸಿಪಾಯಿ 1915ರಲ್ಲಿ ಐದು ತಿಂಗಳು ಷೆಲ್ ಷಾಕಿಗಾಗಿ ಆಸ್ಪತ್ರೆಯಲ್ಲಿದ್ದನು. ಅವನ ಕೈ ಎಷ್ಟು ನಡುಗುತ್ತಿತ್ತೆಂದರೆ, ಹೆಂಡತಿಗೆ ಅವನ ಕಾಗದವನ್ನು ದಾದಿ ಬರೆದುಕೊಡಬೇಕಾಯಿತು. ಮತ್ತೆ ರಣರಂಗಕ್ಕೆ ಹೋದನು. 1916ರ ಸೆಪ್ಟೆಂಬರಿನಲ್ಲಿ, ಇನ್ನು ತಡೆದುಕೊಳ್ಳಲಾರೆನೆಂದು ಹೇಳಿ, ಮುಂದೆ ಹೆಜ್ಜೆಯಿಡಲಿಲ್ಲ. ಸೈನಿಕ ನ್ಯಾಯಾಲಯದಲ್ಲಿ ಅವನ ಪರವಾಗಿ ವಾದಿಸುವವರಿರಲಿಲ್ಲ. ವಿಚಾರಣೆ ಮುಗಿಯಲು ಹಿಡಿದದ್ದು ಸುಮಾರು 20 ನಿಮಿಷ. ಅಪರಾಧ, ಹೇಡಿತನ. ಅಕ್ಟೋಬರಿನಲ್ಲಿ ಅವನ ಕಡೆಯವರೇ ಅವನನ್ನು ಗುಂಡಿಕ್ಕಿ ಕೊಂದರು. ಅವನಿಗೆ ವಯಸ್ಸು 25. ಹೆಂಡತಿಗೆ ಬರುತ್ತಿದ್ದ ಭತ್ಯವೂ ನಿಂತಿತು; ಗಂಡನ ಸಾವಿನ ಬಗೆಯನ್ನು ಆಕೆ ಬಹುಕಾಲ ಯಾರಿಗೂ ಹೇಳಲಾರದೆ ಹೋದಳು.

1930ರಲ್ಲಿ ಬ್ರಿಟನ್ ಹೇಡಿತನಕ್ಕೆ ಮರಣದಂಡನೆಯನ್ನು ತೆಗೆದುಹಾಕಿತು. 1980ರಲ್ಲಿ ಅಮೆರಿಕದ ಮನೋವೈದ್ಯರು, ಘೋರ ಅನುಭವದ ಬಳಿಕ ಕಾಡುವ ಈ ಬಗೆಯ ಒತ್ತಡಕ್ಕೆ ತಮ್ಮ ರೋಗಗಳ ಪಟ್ಟಿಯಲ್ಲಿ ಸ್ಥಾನ ಕೊಟ್ಟರು. 2006ರಲ್ಲಿ ಹ್ಯಾರಿ ಫಾರ್ ಸೇರಿದಂತೆ 306 ಸೈನಿಕರಿಗೆ ಬ್ರಿಟಿಷ್ ಪಾರ್ಲಿಮೆಂಟು ಕ್ಷಮೆ ನೀಡಿತು. ಅದನ್ನು ಪಟ್ಟು ಹಿಡಿದು ಪಡೆದವರಲ್ಲಿ ತೊಂಬತ್ತು ದಾಟಿದ ಅವನ ಮಗಳೂ ಒಬ್ಬಳು. ಆ ಶಾಸನ ತೀರ್ಪನ್ನು ರದ್ದು ಮಾಡಲಿಲ್ಲ. ಕಳಂಕವನ್ನು ಮಾತ್ರ ತೊಡೆಯಿತು.

ನಮ್ಮ ಮನೆ, ಕಚೇರಿಗಳು ಕಂದಕಗಳಲ್ಲ, ನಿಜ. ಆದರೂ ಮೇಲಧಿಕಾರಿಯ ಮುಂದೆ ಬಾಯಿಕಟ್ಟಿ ನಿಂತವನಿಗೂ, ಸಾಲಗಾರನ ಹೆಜ್ಜೆಸಪ್ಪಳಕ್ಕೆ ಕಿವಿಗೊಟ್ಟು ಕುಳಿತವಳಿಗೂ ಕಾದಾಡುವ ಹಾಗಿಲ್ಲ, ಓಡುವ ಹಾಗೂ ಇಲ್ಲ. ಗ್ರಂಥಿಗಳು ಮಾತ್ರ ತಮ್ಮ ಹಳೆಯ ಕೆಲಸವನ್ನು ಮಾಡುತ್ತಲೇ ಇರುತ್ತವೆ. ನಿದ್ದೆ ಬಾರದೆಂದು, ಊಟ ಸೇರದೆಂದು, ಎದೆ ಹೊಡೆದುಕೊಳ್ಳುವುದೆಂದು ಅಂಥವರು ಹೇಳಿಕೊಂಡರೆ, ‘ಧೈರ್ಯವಾಗಿರು, ಎಲ್ಲ ಮನಸ್ಸಿನ ಭ್ರಮೆ’ ಎಂದುಬಿಡುವುದು ನಮಗೆಲ್ಲ ಸುಲಭ. ನಾನೂ ಹಾಗೆ ಹೇಳಿದ್ದುಂಟು. 20 ನಿಮಿಷದ ಆ ವಿಚಾರಣೆಯನ್ನು ಓದಿದ ಮೇಲೆ ಅಷ್ಟು ಬೇಗ ತೀರ್ಪು ಕೊಡಲು ನನ್ನ ನಾಲಗೆ ಏಳದು.