ಒಂದು ಪೌಂಡಿನ ಕಡಲತಡಿ

1971ರಲ್ಲಿ ತೆರೆಕಂಡ ‘ಗೆಟ್ ಕಾರ್ಟರ್’ ಎಂಬ ಬ್ರಿಟಿಷ್ ಸಿನಿಮಾದ ಕೊನೆಯ ದೃಶ್ಯಗಳು ನಡೆಯುವುದು ಒಂದು ಕಪ್ಪು ಕಡಲತಡಿಯಲ್ಲಿ. ತಂತಿಹಗ್ಗಕ್ಕೆ ತೂಗುಹಾಕಿದ ತೊಟ್ಟಿಗಳು ಸಾಲಾಗಿ ಬಂದು ಕಲ್ಲಿದ್ದಲು ಗಣಿಯ ಕಸವನ್ನು ಸಮುದ್ರಕ್ಕೆ ಸುರಿಯುತ್ತಿರುತ್ತವೆ. ಕಥಾನಾಯಕ ತಾನು ಕೊಂದವನ ಹೆಣವನ್ನೂ ಅಂಥದೊಂದು ತೊಟ್ಟಿಗೆ ಹಾಕಿ ಕಳಿಸಿಬಿಡುತ್ತಾನೆ. ಇದು ಸ್ಟುಡಿಯೋದಲ್ಲಿ ಹಾಕಿದ ಸೆಟ್ ಅಲ್ಲ. ಇಂಗ್ಲೆಂಡಿನ ಈಶಾನ್ಯ ಅಂಚಿನ ಡರ್ಹಮ್ ಕೌಂಟಿಯಲ್ಲಿರುವ ಬ್ಲ್ಯಾಕ್‌ಹಾಲ್ ಎಂಬ ಗಣಿ ಊರಿನ ತೀರ ಅದು. ನಮ್ಮಲ್ಲಿ ಹೆಚ್ಚಿನವರಿಗೆ ಡರ್ಹಮ್ ಎಂದರೆ ಕೌಂಟಿ ಕ್ರಿಕೆಟ್ಟಿನ ಒಂದು ತಂಡ, ಅಷ್ಟೆ. ಸಿನಿಮಾ ಬಂದು ಮೂವತ್ತು ವರ್ಷಗಳಾದ ಮೇಲೆ, 2001ರಲ್ಲಿ, ಇದೇ ಕರಾವಳಿಗೆ ‘ಪರಂಪರೆಯ ಕರಾವಳಿ’ ಎಂಬ ಅಧಿಕೃತ ಮಾನ್ಯತೆ ಸಿಕ್ಕಿತು.

ಆ ಇಸವಿ ನನ್ನ ಗಮನ ಸೆಳೆಯಲು ಬೇರೊಂದು ಕಾರಣವಿದೆ. ಕೋಲಾರದ ಚಿನ್ನದ ಗಣಿಗಳು ಮುಚ್ಚಿದ್ದು 2001ರ ಫೆಬ್ರವರಿ 28ರಂದು. ಗಣಿ ಊರುಗಳ ನೆನಪಿನ ಬಗ್ಗೆ ಸಂಶೋಧನೆ ಮಾಡುತ್ತಿರುವ ನನಗೆ ಡರ್ಹಮ್ ಪರಿಚಯವಾದದ್ದು ಓದಿನ ಮೂಲಕ. ಗಣಿ ಮುಚ್ಚಿದ ಮೇಲೆ ಅದರ ಕಸ ಯಾರದು ಎಂಬ ಪ್ರಶ್ನೆಯನ್ನು ಇಟ್ಟುಕೊಂಡು ಓದುತ್ತ ಹೋದಾಗ ಈ ಕರಾವಳಿ ಎದುರಾಯಿತು.

ಇಲ್ಲಿನ ಕಡಿದಾದ ದಂಡೆಗಳು ಮೆಗ್ನೀಷಿಯಂ ಬೆರೆತ ಹಳದಿ ಸುಣ್ಣಕಲ್ಲಿನವು. ಅವುಗಳನ್ನು ಸೀಳಿಕೊಂಡು, ಕಾಡು ತುಂಬಿದ ಆಳವಾದ ಕಣಿವೆಗಳು ಕಡಲಿಗೆ ಇಳಿಯುತ್ತವೆ. ಸ್ಥಳೀಯರು ಅವನ್ನು ‘ಡೀನ್’ ಎನ್ನುತ್ತಾರೆ. ಕವಿ ಬೈರನ್ ಮದುವೆಯಾದದ್ದು ಇಲ್ಲಿಯೇ, ಸೀಯಮ್ ಎಂಬ ಊರಿನ ಬಂಗಲೆಯಲ್ಲಿ, 1815ರ ಜನವರಿ 2ರಂದು. ಆ ದಾಂಪತ್ಯ ಬಹಳ ದಿನ ಉಳಿಯಲಿಲ್ಲ. ಅವರ ಮಗಳು ಏಡಾ ಲವ್‌ಲೇಸ್ ಮಾತ್ರ ಕಂಪ್ಯೂಟರ್ ಚರಿತ್ರೆಯಲ್ಲಿ ಶಾಶ್ವತವಾಗಿ ಉಳಿದಳು. ಆಗಿನ್ನೂ ಸೀಯಮ್ ಒಂದು ಪುಟ್ಟ ಹಳ್ಳಿ.

1828ರಲ್ಲಿ ಲಂಡನ್‌ಡೆರಿಯ ಮಾರ್ಕ್ವಿಸ್ ತನ್ನ ಗಣಿಗಳ ಕಲ್ಲಿದ್ದಲನ್ನು ಸಾಗಿಸಲು ಅಲ್ಲಿ ಬಂದರು ಕಟ್ಟಲು ತೊಡಗಿದ. ಆದರೆ ಕಡಲಂಚಿನ ದೊಡ್ಡ ಗಣಿಗಳು ಹುಟ್ಟಿದ್ದು ತಡವಾಗಿ. ಇಲ್ಲಿ ಕಲ್ಲಿದ್ದಲು ಇರುವುದು ನೀರು ತುಂಬಿದ ಸುಣ್ಣಕಲ್ಲಿನ ಪದರಗಳ ಕೆಳಗೆ. ಆ ನೀರನ್ನು ಗೆದ್ದು ಕೆಳಗಿಳಿಯುವುದು ಸುಲಭವಿರಲಿಲ್ಲ. ಈಸಿಂಗ್ಟನ್‌ನಲ್ಲಿ ಬಾವಿ ತೋಡಲು ಶುರುಮಾಡಿದ್ದು 1899ರಲ್ಲಿ. ಮೊದಲ ಕಲ್ಲಿದ್ದಲು ಮೇಲೆ ಬಂದದ್ದು 1910ರಲ್ಲಿ. ಮುಂದೆ ಸುರಂಗಗಳು ಸಮುದ್ರದಡಿಗೂ ಮೈಲಿಗಟ್ಟಲೆ ಚಾಚಿದವು. ತಲೆಯ ಮೇಲೆ ಸಮುದ್ರ, ಅದರಡಿಯಲ್ಲಿ ದುಡಿಮೆ. ಕಲ್ಲಿದ್ದಲಿನೊಂದಿಗೆ ಬಂದ ಕಲ್ಲು, ಜೇಡಿ, ಹುಡಿಯನ್ನೆಲ್ಲ ಅದೇ ಸಮುದ್ರಕ್ಕೆ ಸುರಿದರು, ಏಕೆಂದರೆ ಅದಕ್ಕಿಂತ ಅಗ್ಗದ ದಾರಿ ಇರಲಿಲ್ಲ.

1951ರ ಮೇ 29ರ ನಸುಕಿನಲ್ಲಿ ಈಸಿಂಗ್ಟನ್ ಗಣಿಯೊಳಗೆ ಕಲ್ಲಿದ್ದಲು ಕೊರೆಯುವ ಯಂತ್ರದ ಹಲ್ಲು ಪೈರೈಟ್ ಕಲ್ಲಿಗೆ ತಾಗಿ ಕಿಡಿ ಹಾರಿತು. ಅನಿಲ ಹೊತ್ತಿಕೊಂಡಿತು. 81 ಕಾರ್ಮಿಕರೂ ಅವರನ್ನು ಉಳಿಸಲು ಇಳಿದ ಇಬ್ಬರೂ ಸತ್ತರು. ಕಡಲಿಗೆ ಬಿದ್ದ ಕಸದ ಹಿಂದೆ ಇಂಥ ಲೆಕ್ಕವೂ ಇದೆ.

ಕಸ ಎಂದೆ. ಆದರೆ ಎಲ್ಲರಿಗೂ ಅದು ಕಸವಾಗಿರಲಿಲ್ಲ. ಅಲೆಗಳು ಕಲ್ಲನ್ನೂ ಕಲ್ಲಿದ್ದಲನ್ನೂ ಬೇರೆ ಮಾಡಿ, ಹಗುರವಾದ ಕಲ್ಲಿದ್ದಲ ಚೂರುಗಳನ್ನು ದಡಕ್ಕೆ ತರುತ್ತಿದ್ದವು. ಬಡವರು ಅದನ್ನು ಆಯ್ದು, ಚೀಲಕ್ಕೆ ತುಂಬಿ, ಸೈಕಲ್ಲಿಗೋ ಗಾಡಿಗೋ ಹೇರಿಕೊಂಡು ಒಯ್ಯುತ್ತಿದ್ದರು. 1984–85ರ ದೊಡ್ಡ ಮುಷ್ಕರದಲ್ಲಿ ಸಂಬಳವಿಲ್ಲದ ಗಣಿ ಕಾರ್ಮಿಕರ ಮನೆಗಳ ಒಲೆಗೂ ಈ ಕಡಲ ಕಲ್ಲಿದ್ದಲೇ ಆಸರೆಯಾಯಿತು. ಅತ್ತ ಸೀಯಮ್‌ನಲ್ಲಿ 1850ರ ದಶಕದಿಂದ 1921ರವರೆಗೆ ಒಂದು ಬಾಟಲಿ ಕಾರ್ಖಾನೆ ನಡೆಯುತ್ತಿತ್ತು. ಅದು ಎಸೆದ ಒಡಕು ಗಾಜನ್ನು ಸಮುದ್ರ ನೂರು ವರ್ಷ ಉಜ್ಜಿ ಉಜ್ಜಿ ಬಣ್ಣದ ಹರಳುಗಳನ್ನಾಗಿ ಮಾಡಿದೆ. ಅವನ್ನು ಆರಿಸಲು ಇಂದು ದೂರದೂರದಿಂದ ಜನ ಬರುತ್ತಾರೆ. ಎರಡೂ ಕಾರ್ಖಾನೆಗಳ ಎಸೆತವೇ. ಒಂದು ಒಡವೆಯಾಯಿತು, ಇನ್ನೊಂದು ಕಳಂಕವಾಯಿತು.

ಗಣಿಗಳು ಒಂದೊಂದಾಗಿ ಮುಚ್ಚಿದವು: ಬ್ಲ್ಯಾಕ್‌ಹಾಲ್ 1981ರಲ್ಲಿ, ಹಾರ್ಡನ್ 1987ರಲ್ಲಿ, ಡಾಡನ್ 1991ರಲ್ಲಿ, ಈಸಿಂಗ್ಟನ್ 1993ರಲ್ಲಿ. ಹಾರ್ಡನ್ ಗಣಿ ಮುಚ್ಚಿದ ಬೆನ್ನಲ್ಲೇ ಅದರ ತೀರವನ್ನು ನ್ಯಾಷನಲ್ ಟ್ರಸ್ಟ್ ಎಂಬ ಸಂರಕ್ಷಣಾ ಸಂಸ್ಥೆ ಕೊಂಡುಕೊಂಡಿತು. ಬೆಲೆ, ಒಂದು ಪೌಂಡ್! ಕರಾವಳಿಯನ್ನು ಉಳಿಸಲು ಆ ಸಂಸ್ಥೆ 1965ರಲ್ಲಿ ಆರಂಭಿಸಿದ ಅಭಿಯಾನಕ್ಕೆ ದಕ್ಕಿದ 500ನೇ ಮೈಲಿ ಅದು. ಚೆಂದದ ತೀರಗಳನ್ನು ಕಾಯುತ್ತಿದ್ದ ಸಂಸ್ಥೆಯೊಂದು ಹೊಲಸಾದ ತೀರವೂ ಕಾಯಲು ಯೋಗ್ಯ ಎಂದು ಒಪ್ಪಿಕೊಂಡ ಕ್ಷಣವೆಂದು ನಾನು ಅದನ್ನು ಓದುತ್ತೇನೆ. 1997ರಿಂದ 2002ರವರೆಗೆ ಸುಮಾರು ಒಂದು ಕೋಟಿ ಪೌಂಡ್ ವೆಚ್ಚದ ಯೋಜನೆಯೊಂದು ಹತ್ತು ಲಕ್ಷ ಟನ್‌ಗಿಂತ ಹೆಚ್ಚು ಗಣಿಕಸವನ್ನು ತೆಗೆಯಿತು. ಉಳಿದದ್ದನ್ನು ಅಲೆಗಳಿಗೆ ಬಿಟ್ಟರು. ಇಂದು ದಂಡೆಯ ಮೇಲಿನ ಹುಲ್ಲುಗಾವಲಲ್ಲಿ ಆರ್ಕಿಡ್ ಅರಳುತ್ತದೆ, ‘ಡರ್ಹಮ್ ಆರ್ಗಸ್’ ಎಂಬ ಪುಟ್ಟ ಕಂದು ಚಿಟ್ಟೆ ಹಾರುತ್ತದೆ. ಕ್ರಿಮ್ಡನ್‌ನ ಮರಳಿನಲ್ಲಿ ಮೊಟ್ಟೆಯಿಟ್ಟ ಕಿರು ರೀವ ಹಕ್ಕಿಗಳಿಗೆ ಕಾವಲುಗಾರರು ನಿಂತದ್ದುಂಟು.

ಇದು ಸಂತೋಷದ ಕಥೆಯೇ. ಆದರೂ ಇದರಲ್ಲೊಂದು ತೊಡಕಿದೆ. ಕಸದ ರಾಶಿ ಅಲೆಗಳ ಹೊಡೆತವನ್ನು ತಡೆದು, ಹಿಂದಿನ ದಂಡೆಯನ್ನು ಕಾಯುತ್ತಿತ್ತು. ಅದು ಕರಗಿದ ಕಡೆಯಲ್ಲೆಲ್ಲ ಕಡಲು ಮತ್ತೆ ದಂಡೆಯನ್ನು ಕೊರೆಯುತ್ತದೆ. ನೆನಪಿನ ವಿಷಯದಲ್ಲೂ ಹೀಗೆಯೇ. ಗಣಿಯ ಕಟ್ಟಡಗಳನ್ನು ಎಷ್ಟು ಬೇಗ ಕೆಡವಿದರೆಂದರೆ, 2000ದಲ್ಲಿ ಬಂದ ‘ಬಿಲಿ ಎಲಿಯಟ್’ ಚಿತ್ರಕ್ಕೆ ಈಸಿಂಗ್ಟನ್‌ನ ಬೀದಿಗಳೇನೋ ಸಿಕ್ಕವು. ಗಣಿಯನ್ನು ಮಾತ್ರ ಪಕ್ಕದ ಕೌಂಟಿಯಲ್ಲಿ ಹುಡುಕಬೇಕಾಯಿತು. ಕಾರ್ಮಿಕರನ್ನು ಕೆಳಗಿಳಿಸುತ್ತಿದ್ದ ಲಿಫ್ಟಿನ ಪಂಜರವೊಂದು ಈಗ ಅಲ್ಲಿನ ದಿಬ್ಬದ ಮೇಲೆ ಸ್ಮಾರಕವಾಗಿ ನಿಂತಿದೆ.

ಕೆಜಿಎಫ್‌ನಲ್ಲಿ ಆದದ್ದು ಇದಕ್ಕೆ ತಿರುವುಮುರುವು. ಅಲ್ಲಿ ಸಯನೈಡ್ ದಿಬ್ಬಗಳು ಹಾಗೇ ಉಳಿದಿವೆ. ಅವುಗಳ ಮೇಲೂ ಸಿನಿಮಾ ಚಿತ್ರೀಕರಣ ನಡೆದಿದೆ. ಗಾಳಿಕಾಲದಲ್ಲಿ ಅವುಗಳ ದೂಳು ಊರಿನ ಮನೆಗಳಿಗೆ ನುಗ್ಗುತ್ತದೆ. ದೂಳು ಕುಡಿಯುವವರ ಎದುರು ನಿಂತು ‘ಈ ದಿಬ್ಬ ನಿಮ್ಮ ಪರಂಪರೆ, ಉಳಿಯಲಿ’ ಎನ್ನುವುದು ಕ್ರೌರ್ಯ. ಡರ್ಹಮ್ ಹೇಳಿಕೊಡುವುದು ಅದನ್ನಲ್ಲ. ಕಸ ತೆಗೆಯಲೇಬೇಕು, ಆದರೆ ತೆಗೆಯುವ ಮುನ್ನ ಅದು ಯಾರ ದುಡಿಮೆಯ ಲೆಕ್ಕ ಎಂಬುದನ್ನು ಬರೆದಿಟ್ಟುಕೊಳ್ಳಬೇಕು. ಕಡಲಿಗೆ ಲೆಕ್ಕ ಇಡುವ ಅಭ್ಯಾಸವಿಲ್ಲ. ಗಾಳಿಗೂ ಇಲ್ಲ.