ಗಂಗಾಳದಿಂದ ಮಜ್ಜಿಗೆ ಬಟ್ಟಲು ಸರಿದಾಗ

ಪುಣೆ–ಬೆಂಗಳೂರು ಹೆದ್ದಾರಿಯಲ್ಲಿ ಹುಬ್ಬಳ್ಳಿಯಿಂದ ಹಾವೇರಿಯ ಕಡೆಗೆ ಹೊರಟರೆ ಶಿಗ್ಗಾವಿ ತಾಲ್ಲೂಕಿನ ಗೊಟಗೋಡಿ ಸಿಗುತ್ತದೆ. ಕಲಾವಿದ ಟಿ.ಬಿ. ಸೊಲಬಕ್ಕನವರ ಅವರ ಕಲ್ಪನೆಯಿಂದ ಮೂಡಿದ ಉತ್ಸವ ರಾಕ್ ಗಾರ್ಡನ್ ಇರುವುದು ಇಲ್ಲಿ. 2011ರಲ್ಲಿ ಸ್ಥಾಪನೆಯಾದ ಕರ್ನಾಟಕ ಜಾನಪದ ವಿಶ್ವವಿದ್ಯಾಲಯ ಇರುವುದೂ ಇಲ್ಲಿಯೇ. ಉದ್ಯಾನದಲ್ಲಿ ಉತ್ತರ ಕರ್ನಾಟಕದ ಹಳ್ಳಿಯ ಬದುಕು ಶಿಲ್ಪಗಳಾಗಿ ನಿಂತಿದೆ. ಆ ಬದುಕನ್ನು ದನಕರುಗಳಿಲ್ಲದೆ ಊಹಿಸಿಕೊಳ್ಳುವುದು ಕಷ್ಟ. ಹೊಲಕ್ಕೆ ಎತ್ತು, ಒಲೆಗೆ ಕುಳ್ಳು, ಬೆಳೆಗೆ ಗೊಬ್ಬರ, ಊಟದ ಕೊನೆಗೆ ಮಜ್ಜಿಗೆ ಎಲ್ಲವೂ ಒಂದೇ ಕೊಟ್ಟಿಗೆಯಿಂದ ಬಂದವು.

ಇಂಥ ಸೀಮೆಯ ಮನೆಗಳಲ್ಲೂ ಈಗ ಹೊಸದೊಂದು ಮಾತು ಕೇಳಿಬರುತ್ತಿದೆ. ಊರ ಹೊರಗೆ ಓದಲು, ದುಡಿಯಲು ಹೋದ ಮಕ್ಕಳು ಮಾಂಸ, ಮೊಟ್ಟೆಗಳ ಜೊತೆಗೆ ಹಾಲು, ಮೊಸರು, ತುಪ್ಪಗಳನ್ನೂ ಬಿಡುತ್ತೇವೆ ಎನ್ನುತ್ತಾರೆ. ಇದಕ್ಕೆ ‘ವೀಗನ್’ ಆಹಾರ ಎಂಬ ಹೆಸರು ನಮ್ಮಲ್ಲೂ ರೂಢಿಗೆ ಬಂದಿದೆ. ಮನೆಯ ಹಿರಿಯರ ಪ್ರಶ್ನೆ ಮಾತ್ರ ನೇರವಾದದ್ದು: “ಹಾಲೂ ಬಿಟ್ಟರ ಮೈಯಾಗ ಕಸುವು ಎಲ್ಲಿಂದ ಬರ್ತೈತಿ?” ಈ ಪ್ರಶ್ನೆಯನ್ನು ಅಜ್ಞಾನವೆಂದು ತಳ್ಳಿಹಾಕುವಂತಿಲ್ಲ, ಪೂರ್ತಿ ಒಪ್ಪುವಂತೆಯೂ ಇಲ್ಲ. ಕಳೆದ ಶತಮಾನದ ಆಹಾರ ವಿಜ್ಞಾನದ ಇತಿಹಾಸ ಇದಕ್ಕೆ ಸಾಕಷ್ಟು ಸ್ಪಷ್ಟವಾದ ಉತ್ತರ ಕೊಡುತ್ತದೆ.

ರೊಟ್ಟಿಯ ಲೆಕ್ಕ

ಮೊದಲು ಈ ಭಾಗದ ಗಂಗಾಳವನ್ನೇ ನೋಡೋಣ. ಜೋಳದ ರೊಟ್ಟಿ, ಹೆಸರು ಅಥವಾ ಮಡಿಕೆ ಕಾಳಿನ ಪಲ್ಯ, ಪುಂಡಿ ಇಲ್ಲವೆ ರಾಜಗಿರಿ ಸೊಪ್ಪು, ಶೇಂಗಾ ಹಿಂಡಿ, ಗುರೆಳ್ಳು ಚಟ್ನಿ, ಅಗಸಿ ಚಟ್ನಿ, ಜೊತೆಗೆ ಹಸಿ ಉಳ್ಳಾಗಡ್ಡಿ. ಪಕ್ಕದ ಮಜ್ಜಿಗೆ ಬಟ್ಟಲನ್ನು ಬಿಟ್ಟರೆ ಉಳಿದದ್ದೆಲ್ಲ ನೆಲದಿಂದ ಬಂದದ್ದೇ.

ಸಸಾರಜನಕ, ಅಂದರೆ ಪ್ರೋಟೀನ್ ಸಾಲುವುದಿಲ್ಲ ಎಂಬುದು ಎಲ್ಲರ ಮೊದಲ ಆತಂಕ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2020ರ ಶಿಫಾರಸಿನಂತೆ 65 ಕಿಲೋ ತೂಕದ ಗಂಡಸಿಗೆ ದಿನಕ್ಕೆ ಸುಮಾರು 54 ಗ್ರಾಂ ಪ್ರೋಟೀನ್ ಬೇಕು. 300 ಗ್ರಾಂ ಜೋಳದ ಹಿಟ್ಟಿನಲ್ಲಿ ಸುಮಾರು 30 ಗ್ರಾಂ, 75 ಗ್ರಾಂ ಬೇಳೆಕಾಳಿನಲ್ಲಿ 16–17 ಗ್ರಾಂ, ಒಂದು ಹಿಡಿ ಶೇಂಗಾದಲ್ಲಿ ಏಳು ಗ್ರಾಂ ಸಿಗುತ್ತದೆ. ಲೆಕ್ಕ ಅಲ್ಲಿಗೆ ಸರಿಹೋಯಿತು. ಪ್ರಮಾಣದ ಜೊತೆಗೆ ಗುಣವೂ ಮುಖ್ಯ. ಜೋಳದಲ್ಲಿ ಲೈಸಿನ್ ಎಂಬ ಅಂಶ ಕಡಿಮೆ. ಕಾಳುಗಳಲ್ಲಿ ಅದು ಧಾರಾಳ. ಕಾಳುಗಳಲ್ಲಿ ಮೆಥಿಯೊನಿನ್ ಕಡಿಮೆ. ಧಾನ್ಯಗಳಲ್ಲಿ ಅದು ಸಿಗುತ್ತದೆ. ಒಂದರ ಕೊರತೆಯನ್ನು ಇನ್ನೊಂದು ತುಂಬುತ್ತದೆ. ರೊಟ್ಟಿಗೆ ಕಾಳುಪಲ್ಯ ಎಂಬ ರೂಢಿಯ ಹಿಂದಿನ ಪೋಷಣೆಯ ಮರ್ಮ ಇದು.

ಈ ಊಟವೂ ಅನಾದಿ ಕಾಲದಿಂದ ಹೀಗೇ ಇದ್ದದ್ದಲ್ಲ. ಮೆಣಸಿನಕಾಯಿ ಅಮೆರಿಕ ಖಂಡದಿಂದ ಪೋರ್ಚುಗೀಸರ ಮೂಲಕ ಬಂತು. ಶೇಂಗಾ ಕೂಡ ದಕ್ಷಿಣ ಅಮೆರಿಕ ಮೂಲದ್ದು. ದಖ್ಖನ್ನಿನ ಹೊಲಗಳಲ್ಲಿ ದೊಡ್ಡ ಪ್ರಮಾಣದಲ್ಲಿ ಹರಡಿದ್ದು 19ನೇ ಶತಮಾನದಲ್ಲಿ. ಇಂದು ಬ್ಯಾಡಗಿ ಮೆಣಸಿನಕಾಯಿ, ಶೇಂಗಾ ಹಿಂಡಿಗಳಿಲ್ಲದ ಹಾವೇರಿ ಜಿಲ್ಲೆಯ ಊಟವನ್ನು ಯಾರೂ ನೆನೆಸಿಕೊಳ್ಳಲಾರರು. ಊಟ ಬದಲಾಗುವುದು ಹೊಸದೇನಲ್ಲ. ಬದಲಾದಾಗ ಏನು ಬಂತು, ಏನು ಹೋಯಿತು ಎಂಬುದನ್ನು ಗಮನಿಸಬೇಕು.

ರಾಗಿಯ ವಾದ

ಯಾವ ಧಾನ್ಯ ಮೇಲು ಎಂಬ ಚರ್ಚೆಗೆ ಇದೇ ಶಿಗ್ಗಾವಿ ತಾಲ್ಲೂಕಿನ ಬಾಡದಲ್ಲಿ ಹುಟ್ಟಿದ ಕನಕದಾಸರು 16ನೇ ಶತಮಾನದಲ್ಲಿಯೇ ಕಾವ್ಯರೂಪ ಕೊಟ್ಟಿದ್ದರು. ಅವರ ‘ರಾಮಧಾನ್ಯ ಚರಿತೆ’ಯಲ್ಲಿ ನೆಲ್ಲಿಗೂ ನರೆದಲೆಗ ಎನಿಸಿದ ರಾಗಿಗೂ ಜಗಳ ಹತ್ತುತ್ತದೆ. ಎರಡನ್ನೂ ಆರು ತಿಂಗಳು ಸೆರೆಯಲ್ಲಿ ಇಡಲಾಗುತ್ತದೆ. ಅವಧಿ ಮುಗಿದಾಗ ನೆಲ್ಲು ಸತ್ತ್ವಗುಂದಿರುತ್ತದೆ, ರಾಗಿ ಗಟ್ಟಿಯಾಗಿ ಉಳಿದಿರುತ್ತದೆ. ಮೇಲುಕೀಳಿನ ಪ್ರಶ್ನೆಯನ್ನು ಧಾನ್ಯದ ನೆಪದಲ್ಲಿ ಎತ್ತಿದ ಕೃತಿ ಇದು.

ಹಾಲು ಬಿಟ್ಟವರಿಗೆ ಈ ಕಥೆಯ ರಾಗಿ ಬೇರೊಂದು ಕಾರಣಕ್ಕೆ ಮುಖ್ಯವಾಗುತ್ತದೆ. ವಯಸ್ಕರಿಗೆ ದಿನಕ್ಕೆ 1,000 ಮಿಲಿಗ್ರಾಂ ಸುಣ್ಣದಂಶ ಬೇಕು. ನೂರು ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಸುಣ್ಣದಂಶವಿದೆ. ಪಾಲಿಶ್ ಮಾಡಿದ ಅಕ್ಕಿಯಲ್ಲಿ ಅದು ನಗಣ್ಯ. ನುಗ್ಗೆ ಸೊಪ್ಪು ರಾಗಿಯ ಆಸುಪಾಸಿಗೆ ನಿಲ್ಲುತ್ತದೆ. ಎಳ್ಳಿನಲ್ಲಿ ಸಾವಿರ ಮಿಲಿಗ್ರಾಂಗೂ ಹೆಚ್ಚಿದೆ, ಆದರೆ ಅದೆಲ್ಲವೂ ಮೈಗೆ ಹತ್ತುವುದಿಲ್ಲ. ಸಂಕ್ರಾಂತಿಗೆ ಎಳ್ಳು ಹಚ್ಚಿ ತಟ್ಟುವ ಸಜ್ಜೆ ರೊಟ್ಟಿಯನ್ನು ಹಬ್ಬಕ್ಕೆ ಮಾತ್ರ ಮೀಸಲಿಡದೆ, ಆಗಾಗ ಮಾಡಿಕೊಂಡರೆ ಒಳ್ಳೆಯದು. ಮೀನು ತಿನ್ನದವರಿಗೆ ಕೊರತೆಯಾಗುವ ಒಮೆಗಾ-3 ಕೊಬ್ಬಿನಂಶದ ಒಂದು ಬಗೆ ಅಗಸಿಯ ಎಣ್ಣೆಯಲ್ಲಿ ಅರ್ಧದಷ್ಟಿದೆ. ಸೊಪ್ಪು, ಕಾಳುಗಳ ಕಬ್ಬಿಣದಂಶ ಮೈಗೆ ಹತ್ತಬೇಕಾದರೆ ಊಟದ ಜೊತೆ ನಿಂಬೆಹುಳಿ ಇರಬೇಕು, ಊಟದ ಬೆನ್ನಿಗೇ ಚಹಾ ಕುಡಿಯಬಾರದು. ಕಾಳನ್ನು ನೆನೆಸಿ ಮೊಳಕೆ ಬರಿಸಿದರೆ ಖನಿಜಗಳು ಇನ್ನಷ್ಟು ಸುಲಭವಾಗಿ ದಕ್ಕುತ್ತವೆ.

ಇಷ್ಟೆಲ್ಲ ಅನುಕೂಲವಿದ್ದರೂ ಒಂದು ಎಚ್ಚರಿಕೆ ಬೇಕು. ಗಂಗಾಳದಲ್ಲಿ ಬರೀ ರೊಟ್ಟಿಯಷ್ಟೇ ಉಳಿದರೆ ಏನಾಗುತ್ತದೆ ಎಂಬುದನ್ನು ದಖ್ಖನ್ನಿನ ಬಡವರು ಅನುಭವಿಸಿ ತಿಳಿದಿದ್ದಾರೆ. ಜೋಳವನ್ನೇ ನೆಚ್ಚಿದ್ದ ಕೂಲಿಕಾರರಲ್ಲಿ ಪೆಲಾಗ್ರ ಎಂಬ ಕಾಯಿಲೆ ಕಾಣಿಸಿಕೊಳ್ಳುತ್ತಿತ್ತು. ಬಿಸಿಲು ತಾಗುವ ಕುತ್ತಿಗೆ, ಕೈಗಳ ಚರ್ಮ ಕಪ್ಪಾಗಿ ಸುಲಿಯುವುದು, ಭೇದಿ, ಕೊನೆಗೆ ಚಿತ್ತಭ್ರಮೆ ಇದರ ಲಕ್ಷಣಗಳು. ನಯಾಸಿನ್ ಎಂಬ ಜೀವಸತ್ವದ ಕೊರತೆಯಿಂದ ಬರುವ ಈ ಕಾಯಿಲೆಗೆ, ಜೋಳದಲ್ಲಿ ಲ್ಯೂಸಿನ್ ಹೆಚ್ಚಿರುವುದೂ ಕಾರಣವಿರಬಹುದೆಂದು ಸಿ. ಗೋಪಾಲನ್ ಮತ್ತು ಎಸ್.ಜಿ. ಶ್ರೀಕಂಟಯ್ಯ 1960ರಲ್ಲಿ ಮಂಡಿಸಿದರು. ಅವರು ದುಡಿದ ಹೈದರಾಬಾದಿನ ಪ್ರಯೋಗಾಲಯವೇ ಇಂದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ. ಲ್ಯೂಸಿನ್ ಕುರಿತ ವಾದ ಮುಂದೆ ಚರ್ಚೆಗೆ ಒಳಗಾಯಿತು. ಜೋಳ ಒಂದನ್ನೇ ನಂಬಿ ಬದುಕಲಾಗದು ಎಂಬ ಪಾಠ ಮಾತ್ರ ಹಾಗೆಯೇ ಉಳಿಯಿತು. ಮನಸ್ಸಿನಿಂದ ಹಾಲು ಬಿಡುವುದಕ್ಕೂ ಬಡತನದಿಂದ ಹಾಲು, ಬೇಳೆ, ಸೊಪ್ಪು ಮೂರೂ ಇಲ್ಲವಾಗುವುದಕ್ಕೂ ಅಜಗಜಾಂತರವಿದೆ.

ಗಾಂಧೀಜಿಯ ಸೋಲು

ಹಾಲು ಬಿಡುವ ಪ್ರಯೋಗವನ್ನು ಭಾರತೀಯರಲ್ಲಿ ಎಲ್ಲರಿಗೂ ತಿಳಿಯುವಂತೆ ಮಾಡಿದವರು ಗಾಂಧೀಜಿ. 1912ರಲ್ಲಿ ದಕ್ಷಿಣ ಆಫ್ರಿಕದ ಟಾಲ್‌ಸ್ಟಾಯ್ ಫಾರ್ಮಿನಲ್ಲಿ ಅವರು ಗೆಳೆಯ ಕ್ಯಾಲೆನ್‌ಬಾಕ್ ಜೊತೆಗೂಡಿ ಹಾಲನ್ನು ಬಿಟ್ಟರು. ಕಲ್ಕತ್ತದಲ್ಲಿ ಹೆಚ್ಚು ಹಾಲು ಹಿಂಡಲು ದನಗಳಿಗೆ ಕೊಡುತ್ತಿದ್ದ ಹಿಂಸೆಯ ವಿವರ ಓದಿದ್ದು ಇದಕ್ಕೆ ಒಂದು ಕಾರಣ. 1918ರಲ್ಲಿ ಖೇಡಾ ಜಿಲ್ಲೆಯಲ್ಲಿ ಸುತ್ತುವಾಗ ಅವರ ಮುಖ್ಯ ಆಹಾರ ಶೇಂಗಾ ಬೆಣ್ಣೆ ಮತ್ತು ನಿಂಬೆಹಣ್ಣು. ಅಲ್ಲಿ ಆಮಶಂಕೆ ಹತ್ತಿ ಅವರು ಸಾವಿನ ಅಂಚಿಗೆ ಹೋದರು. ಹಸು, ಎಮ್ಮೆಯ ಹಾಲಿಗಷ್ಟೇ ವ್ರತ, ಆಡಿನ ಹಾಲಿಗಲ್ಲವಲ್ಲ ಎಂದು ಕಸ್ತೂರಬಾ ತೋರಿಸಿದ ದಾರಿಯನ್ನು ಅವರು ಮನಸ್ಸಿಲ್ಲದ ಮನಸ್ಸಿನಿಂದ ಒಪ್ಪಿದರು. ವ್ರತದ ಅಕ್ಷರ ಉಳಿಯಿತು, ಆತ್ಮ ಹೋಯಿತು ಎಂಬ ನೋವು ಅವರನ್ನು ಬಿಡಲಿಲ್ಲ. ಹಾಲಿಗೆ ಸಮನಾದ ಸಸ್ಯಮೂಲದ ಆಹಾರವನ್ನು ಯಾರಾದರೂ ತೋರಿಸಿಕೊಡಲಿ ಎಂದು ಅವರು ಕೊನೆಯವರೆಗೂ ಬಯಸಿದರು.

ಆ ಹುಡುಕಾಟದ ಒಂದು ಕವಲು ಕರ್ನಾಟಕದಲ್ಲಿಯೇ ಹರಿಯಿತು. 1940ರ ದಶಕದಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಸೋಯಾ ಹಾಲಿನ ಸಂಶೋಧನೆ ನಡೆಯಿತು. 1950ರಲ್ಲಿ ಮೈಸೂರಿನ ಚೆಲುವಾಂಬ ವಿಲಾಸದಲ್ಲಿ ಆರಂಭವಾದ ಕೇಂದ್ರೀಯ ಆಹಾರ ಸಂಶೋಧನಾಲಯ ಶೇಂಗಾದಿಂದ ಹಾಲು, ಮೊಸರು ಮಾಡುವ ವಿಧಾನಗಳನ್ನು ಬೆಳೆಸಿತು. 1970ರ ದಶಕದಲ್ಲಿ ಶೇಂಗಾ ಪ್ರೋಟೀನನ್ನು ಹಾಲಿಗೆ ಬೆರೆಸಿದ ‘ಮಿಲ್ಟೋನ್’ ಬೆಂಗಳೂರಿಗೆ ಬಂತು. ಆಗಿನ ಉದ್ದೇಶ ಹಾಲನ್ನು ಬಿಡಿಸುವುದಲ್ಲ, ಸಾಲದ ಹಾಲನ್ನು ಹೆಚ್ಚು ಮಕ್ಕಳಿಗೆ ಮುಟ್ಟಿಸುವುದು.

ಹನ್ನೆರಡನೆಯ ಒಗಟು

ಗಾಂಧೀಜಿಯ ಕಾಲಕ್ಕೆ ವಿಜ್ಞಾನಕ್ಕೇ ತಿಳಿಯದ ಸಂಗತಿಯೊಂದಿತ್ತು. ಸಸ್ಯಾಹಾರದಲ್ಲಿ ನಿಜವಾಗಿ ಸಿಗದೇ ಹೋಗುವುದು ಪ್ರೋಟೀನ್ ಅಲ್ಲ, ಕಣ್ಣಿಗೆ ಕಾಣದಷ್ಟು ಅಲ್ಪ ಪ್ರಮಾಣದ ಜೀವಸತ್ವ.

1928ರಲ್ಲಿ ಲೂಸಿ ವಿಲ್ಸ್ ಎಂಬ ಬ್ರಿಟಿಷ್ ವೈದ್ಯೆ ಮುಂಬಯಿಗೆ ಬಂದರು. ಅಲ್ಲಿನ ಬಡ ಗರ್ಭಿಣಿಯರನ್ನು, ಅವರಲ್ಲೂ ಗಿರಣಿಯಲ್ಲಿ ದುಡಿಯುವ ಹೆಂಗಸರನ್ನು, ಒಂದು ಬಗೆಯ ತೀವ್ರ ರಕ್ತಹೀನತೆ ಕಾಡುತ್ತಿತ್ತು. ಯೀಸ್ಟಿನ ಸಾರವಾದ ಮಾರ್ಮೈಟ್ ಕೊಟ್ಟರೆ ಅದು ವಾಸಿಯಾಗುತ್ತದೆ ಎಂದು ವಿಲ್ಸ್ 1931ರಲ್ಲಿ ಪ್ರಕಟಿಸಿದರು. ಅದರಲ್ಲಿದ್ದ ವಸ್ತುವೇ ಮುಂದೆ ಫೋಲಿಕ್ ಆಮ್ಲ ಎನಿಸಿತು. ಇದು ಸೊಪ್ಪಿನಲ್ಲಿ, ಕಾಳಿನಲ್ಲಿ ಧಾರಾಳವಾಗಿದೆ.

ಇದೇ ಲಕ್ಷಣದ ಇನ್ನೊಂದು ರಕ್ತಹೀನತೆಗೆ ಪ್ರಾಣಿಗಳ ಯಕೃತ್ತನ್ನು ತಿನ್ನಿಸುವುದೇ ಮದ್ದೆಂದು 1926ರಲ್ಲಿ ಅಮೆರಿಕದ ಮೈನಟ್ ಮತ್ತು ಮರ್ಫಿ ತೋರಿಸಿದ್ದರು. ಯಕೃತ್ತಿನೊಳಗಿನ ಆ ವಸ್ತುವನ್ನು ಕೆಂಪು ಹರಳಾಗಿ ಬೇರ್ಪಡಿಸಲು 1948ರವರೆಗೆ ಕಾಯಬೇಕಾಯಿತು. ಅದೇ ಬಿ-12. ಅದರ ರಚನೆಯನ್ನು ಬಿಡಿಸಿದ ಡೊರೊಥಿ ಹಾಜ್‌ಕಿನ್ ಅವರಿಗೆ 1964ರಲ್ಲಿ ನೊಬೆಲ್ ಪಾರಿತೋಷಕ ಸಂದಿತು.

ಬಿ-12ನ್ನು ಯಾವ ಗಿಡವೂ ತಯಾರಿಸುವುದಿಲ್ಲ, ಯಾವ ಪ್ರಾಣಿಯೂ ತಯಾರಿಸುವುದಿಲ್ಲ. ಅದನ್ನು ಮಾಡುವುದು ಸೂಕ್ಷ್ಮಾಣುಗಳು. ಹಸುವಿನ ಹೊಟ್ಟೆಯಲ್ಲಿ ಅವು ಮಾಡಿದ್ದು ಹಾಲಿಗೆ ಇಳಿಯುತ್ತದೆ, ಹಾಲಿನಿಂದ ಮಜ್ಜಿಗೆಗೆ. ನಮ್ಮ ಸಸ್ಯಾಹಾರಿ ಮನೆಗಳಿಗೆ ಇದ್ದ ಮುಖ್ಯ ದಾರಿ ಇದೊಂದೇ. ಅಂಬಲಿ, ಇಡ್ಲಿ, ದೋಸೆಗಳ ಹುದುಗಿನಲ್ಲಿ ಬಿ-12 ಸಿಗುತ್ತದೆ ಎಂಬ ಮಾತನ್ನು ನಂಬಿ ಕೂರುವಂತಿಲ್ಲ.

‘ವೀಗನ್’ ಎಂಬ ಪದ ಹುಟ್ಟಿದ್ದು 1944ರಲ್ಲಿ, ಇಂಗ್ಲೆಂಡಿನಲ್ಲಿ. ಡೊನಾಲ್ಡ್ ವಾಟ್ಸನ್ ಮತ್ತು ಗೆಳೆಯರು ಹಾಲನ್ನೂ ಬಿಟ್ಟ ಸಸ್ಯಾಹಾರಿಗಳ ಸಂಘ ಕಟ್ಟಿದಾಗ ಬಿ-12 ಇನ್ನೂ ಪತ್ತೆಯಾಗಿರಲಿಲ್ಲ. 1955ರಲ್ಲಿ ವೋಕ್ಸ್ ಮತ್ತು ಸಹೋದ್ಯೋಗಿಗಳು ಪ್ರಕಟಿಸಿದ ಅಧ್ಯಯನ ಬ್ರಿಟನ್ನಿನ ವೀಗನ್ನರಲ್ಲಿ ನಾಲಗೆ ಉರಿ, ಕೈಕಾಲು ಜೋಮು ಹಿಡಿಯುವಂಥ ತೊಂದರೆಗಳನ್ನು ದಾಖಲಿಸಿತು. ಯಕೃತ್ತಿನಲ್ಲಿ ಕೂಡಿಟ್ಟ ಬಿ-12 ವರ್ಷಗಟ್ಟಲೆ ಬಾಳುವುದರಿಂದ ಹಾಲು ಬಿಟ್ಟ ಮೊದಲ ವರ್ಷ ಏನೂ ಆಗದೆ ಇರಬಹುದು. ಇನ್ನೊಂದು ಅಪಾಯವಿದೆ. ಸೊಪ್ಪಿನ ಫೋಲಿಕ್ ಆಮ್ಲ ಚೆನ್ನಾಗಿ ಸಿಗುತ್ತಿದ್ದರೆ ರಕ್ತಹೀನತೆ ಕಾಣಿಸದೇ ಹೋಗಬಹುದು; ನರಗಳಿಗೆ ಆಗುವ ಹಾನಿ ಮಾತ್ರ ಒಳಗೇ ಮುಂದುವರಿಯುತ್ತದೆ. ತಡವಾದರೆ ಅದು ಪೂರ್ತಿ ವಾಸಿಯಾಗದು.

ಇದರ ಕಠೋರ ರೂಪ ಕಂಡದ್ದು ಹಸುಗೂಸುಗಳಲ್ಲಿ. ಬಿ-12 ಕೊರತೆಯ ತಾಯಂದಿರ ಎದೆಹಾಲನ್ನೇ ನೆಚ್ಚಿದ್ದ ಶಿಶುಗಳು ಮಂಕಾಗಿ, ಕಲಿತ ಆಟಪಾಟ ಮರೆತು, ನಡುಗುವುದನ್ನು ವೆಲ್ಲೂರಿನ ವೈದ್ಯರು 1962ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ವರದಿ ಮಾಡಿದರು. ಬಿ-12 ಕೊಟ್ಟಾಗ ಮಕ್ಕಳು ಚೇತರಿಸಿಕೊಂಡವು.

ಹಾಗಾದರೆ ಮಜ್ಜಿಗೆ ಬಟ್ಟಲನ್ನು ಉಳಿಸಿಕೊಂಡವರೆಲ್ಲ ನಿಶ್ಚಿಂತರೇ? ಅದೂ ಇಲ್ಲ. ದಿನಕ್ಕೆ ಬೇಕಾದದ್ದು ಎರಡರಿಂದ ಎರಡೂವರೆ ಮೈಕ್ರೋಗ್ರಾಂ. ನೂರು ಮಿಲಿಲೀಟರ್ ಹಾಲಿನಲ್ಲಿ ಇರುವುದು ಅರ್ಧ ಮೈಕ್ರೋಗ್ರಾಂಗಿಂತ ಕಡಿಮೆ. ನೀರು ಬೆರೆಸಿದ ಮಜ್ಜಿಗೆಯಲ್ಲಿ ಇನ್ನೂ ಕಡಿಮೆ. ಪುಣೆ ಬಳಿಯ ಹಳ್ಳಿಗಳ ಗರ್ಭಿಣಿಯರಲ್ಲಿ ಮೂವರಲ್ಲಿ ಇಬ್ಬರಿಗೆ ಬಿ-12 ಕಡಿಮೆ ಇತ್ತೆಂದು ಡಾ. ಚಿತ್ತರಂಜನ್ ಯಾಜ್ಞಿಕ್ ಅವರ ತಂಡ 2008ರಲ್ಲಿ ಪ್ರಕಟಿಸಿತು. ಅವರು ವೀಗನ್ನರೇನೂ ಆಗಿರಲಿಲ್ಲ.

ಆದ್ದರಿಂದ ಹಿರಿಯರ ಪ್ರಶ್ನೆಗೆ ಎರಡು ಭಾಗದ ಉತ್ತರವಿದೆ. ಕಸುವಿನ ಮಟ್ಟಿಗೆ ಹೇಳುವುದಾದರೆ ರೊಟ್ಟಿ, ಕಾಳು, ಸೊಪ್ಪು, ಎಳ್ಳು, ಶೇಂಗಾ, ಅಗಸಿಗಳು ಗಂಗಾಳದಲ್ಲಿ ಕೂಡಿಯೇ ಇದ್ದರೆ ಹೆದರಬೇಕಾಗಿಲ್ಲ. ಊರಿನ ಊಟ ಬಿಟ್ಟು ನಗರದಲ್ಲಿ ಬ್ರೆಡ್ಡು, ಬಿಸ್ಕತ್ತು, ಚಿಪ್ಸಿನ ಮೇಲೆ ‘ವೀಗನ್’ ಆದವರು ಹೆದರಲೇಬೇಕು. ಬಿ-12ರ ಮಟ್ಟಿಗೆ ಹೇಳುವುದಾದರೆ ಎಂಥ ಊಟವೂ ಸಾಲದು. ಅದನ್ನು ಮಾತ್ರೆಯಿಂದ ಅಥವಾ ಬಿ-12 ಸೇರಿಸಿದ ಆಹಾರದಿಂದಲೇ ಪಡೆಯಬೇಕು. ಮಾತ್ರೆಯ ಬಿ-12 ಕೂಡ ಕಾರ್ಖಾನೆಯ ತೊಟ್ಟಿಗಳಲ್ಲಿ ಸೂಕ್ಷ್ಮಾಣುಗಳು ತಯಾರಿಸಿದ್ದೇ ಆದ್ದರಿಂದ ಅದರಿಂದ ವ್ರತಭಂಗವಿಲ್ಲ. ಎಷ್ಟು ತೆಗೆದುಕೊಳ್ಳಬೇಕೆಂಬುದನ್ನು ವೈದ್ಯರು ಹೇಳಬೇಕು. ಬಸುರಿಯರು, ಬಾಣಂತಿಯರು, ಚಿಕ್ಕ ಮಕ್ಕಳ ವಿಷಯದಲ್ಲಿ ರಕ್ತಪರೀಕ್ಷೆಯನ್ನು ಮುಂದೂಡಬಾರದು.

ಸಾವಿನ ಅಂಚಿನಲ್ಲಿದ್ದ ಗಾಂಧೀಜಿಗೆ ಆಡಿನ ಹಾಲಲ್ಲದೆ ಬೇರೆ ದಾರಿ ಕಾಣಲಿಲ್ಲ. ಇಂದು ಹಾಲು ಬಿಡುವವರಿಗೆ ಆ ಇಕ್ಕಟ್ಟು ಇಲ್ಲ. ಬಿಟ್ಟದ್ದರ ಜಾಗದಲ್ಲಿ ಏನನ್ನು ಇಡಬೇಕೆಂಬುದು ಈಗ ತಿಳಿದಿದೆ. ಅದನ್ನು ಇಡಲು ಮರೆಯದಿದ್ದರೆ ಸಾಕು.