ಕಾರವಾರ–ಅಂಕೋಲೆಗಳ ಮನೆಗಳಲ್ಲಿ ದೀಪವ್ಯವಸ್ಥೆ

ಮನೆಗಳ ಚರಿತ್ರೆಯನ್ನು ಬರೆಯುವವರು ಅಡಿಪಾಯ, ಗೋಡೆ, ಮಾಡು, ಕಂಬಗಳ ಕೆತ್ತನೆ ಇವುಗಳನ್ನು ವಿಚಾರಿಸುವುದುಂಟು. ಕತ್ತಲಾದ ಮೇಲೆ ಆ ಮನೆಯಲ್ಲಿ ಬೆಳಕು ಎಲ್ಲಿ ನಿಲ್ಲುತ್ತಿದ್ದಿತು, ಅದರ ಸ್ಥಾನವನ್ನು ಗೊತ್ತುಮಾಡುತ್ತಿದ್ದವರು ಯಾರು ಎಂಬುದನ್ನು ವಿಚಾರಿಸಿದವರು ವಿರಳ. ಕಾರವಾರ ಮತ್ತು ಅಂಕೋಲೆ ತಾಲೂಕುಗಳ ಮನೆಗಳನ್ನು ಆಧಾರವಾಗಿಟ್ಟುಕೊಂಡು ಈ ಪ್ರಶ್ನೆಯನ್ನು ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶವಾಗಿದೆ. ಹೊಸ ಮನೆಗೆ ವಿದ್ಯುತ್ತಿನ ತಂತಿ ಎಳೆಯಿಸುವ ಯೋಜನೆಯು ಬರಿಯ ಕುಶಲಕರ್ಮಿಯ ಲೆಕ್ಕವೆಂದು ತೋರಬಹುದು. ಆದರೆ ಹಳೆಯ ದೀಪದ ನೆಲೆಗಳೂ ಹಳೆಯ ಉಪೇಕ್ಷೆಗಳೂ ಅದರೊಳಗೆ ಉಳಿದುಬಂದಿವೆಯೆಂದು ನಮ್ಮ ಅಭಿಪ್ರಾಯ.

ನಮ್ಮ ಶಾಸನಗಳಲ್ಲಿ ಸೊಡರಿಗೆ ಎಣ್ಣೆ ಬಿಟ್ಟ, ನಂದಾದೀವಿಗೆಗೆ ಭೂಮಿ ಬಿಟ್ಟ ದತ್ತಿಗಳು ಹೇರಳವಾಗಿರುವುದು ವಾಚಕರಿಗೆ ವಿದಿತವೇ ಇದೆ. ದೇವಾಲಯದ ದೀಪಕ್ಕೇ ದತ್ತಿಯ ಆಸರೆ ಬೇಕಾಗಿದ್ದಿತೆಂದ ಮೇಲೆ ಗೃಹಸ್ಥನ ಮನೆಯಲ್ಲಿ ಎಣ್ಣೆಗೆಷ್ಟು ಬೆಲೆಯೆಂಬುದನ್ನು ಊಹಿಸಬಹುದು. ಆದಕಾರಣ ಮನೆಯ ದೀಪಗಳು ಒಂದೆರಡೇ. ಅವು ಮನುಷ್ಯನೊಡನೆ ಸಂಚರಿಸತಕ್ಕವು. ಉಣ್ಣುವಲ್ಲಿಗೆ ದೀಪ ಬರುತ್ತಿದ್ದಿತು, ಉಂಡ ಬಳಿಕ ಜಗಲಿಗೆ ಹೋಗುತ್ತಿದ್ದಿತು. ದಾರಿ ನಡೆಯಲು ಒಣ ತೆಂಗಿನ ಗರಿಯ ಸೂಡಿ ಸಾಕಾಗಿದ್ದಿತು. ಸ್ಥಿರವಾಗಿ ನಿಂತ ನೆಲೆಗಳೆಂದರೆ ದೇವರ ಮುಂದಿನ ದೀಪ, ತುಳಸಿಕಟ್ಟೆಯ ಗೂಡು ಇವೆರಡೇ. ಹಗಲಿನ ಬೆಳಕಿಗೆ ಮಾತ್ರ ಮನೆ ಕಟ್ಟುವಾಗಲೇ ಬೆಳಕಿಂಡಿಯನ್ನು ಬಿಡುತ್ತಿದ್ದರು.

ಖನಿಜ ತೈಲ ಬಂದ ಮೇಲೆ ಹೆಸರುಗಳೂ ಬಂದವು. ಹಳೆಯ ಮೈಸೂರಿನವರು ಅದನ್ನು ಸೀಮೆಎಣ್ಣೆ ಎಂದರು. ಅದು ಪರಸೀಮೆಯಿಂದ ಬಂದದ್ದೆಂಬುದು ಅವರ ಗಮನಕ್ಕೆ ಬಿದ್ದಿತು. ಉತ್ತರದ ಜಿಲ್ಲೆಗಳವರು ಚಿಮಣಿ ಎಣ್ಣೆ ಎಂದರು; ಅವರಿಗೆ ಬಂದ ದೇಶಕ್ಕಿಂತ ಉರಿಯುವ ಉಪಕರಣ ಮುಖ್ಯವಾಯಿತು. ೧೮೬೨ರಲ್ಲಿ ಮದರಾಸಿನಿಂದ ಮುಂಬಯಿ ಪ್ರಾಂತಕ್ಕೆ ಸೇರಿದ ಉತ್ತರ ಕನ್ನಡವು ಎರಡನೆಯ ಪಂಗಡದ್ದು. ಕಂದೀಲು ಎಂಬ ಪದವಂತೂ ಲ್ಯಾಟಿನ್ನಿನಿಂದ ಹೊರಟು, ಅರಬ್ಬಿಯನ್ನು ಹಾಯ್ದು, ಈ ಕರಾವಳಿಗೆ ಬಂದಿಳಿದಿದೆ.

ಕಾರವಾರದ ಹೊರಗಣ ದ್ವೀಪದಲ್ಲಿ ೧೮೬೪ರಲ್ಲಿಯೇ ಹಡಗುಗಳಿಗಾಗಿ ದೀಪಸ್ತಂಭವೆದ್ದಿತ್ತು. ದಡದ ಮನೆಗಳ ಮಾತು ಬೇರೆ. ೧೮೮೩ರಲ್ಲಿ ಅಣ್ಣ ಸತ್ಯೇಂದ್ರನಾಥರೊಡನೆ ಕಾರವಾರದಲ್ಲಿದ್ದ ರವೀಂದ್ರನಾಥ ಠಾಕೂರರು ಒಂದು ಸಂಜೆ ಕಾಳಿ ನದಿಯಲ್ಲಿ ದೋಣಿಯೇರಿ ಹೋಗಿ, ಒಕ್ಕಲಿಗನೊಬ್ಬನ ಗುಡಿಸಿ ಸಾರಿಸಿದ ಅಂಗಳದಲ್ಲಿ ಬೆಳದಿಂಗಳು ಬಿದ್ದೆಡೆ ಕುಳಿತು ಊಟ ಮಾಡಿದುದನ್ನು ತಮ್ಮ ಸ್ಮೃತಿಗ್ರಂಥದಲ್ಲಿ ಬರೆದಿದ್ದಾರೆ. ಕವಿಗಳಿಗೆ ಅದು ಸೌಂದರ್ಯ. ಮನೆಯವರಿಗೆ ಅದು ಎಣ್ಣೆಯ ಉಳಿತಾಯವೂ ಆಗಿದ್ದೀತು.

ವಿದ್ಯುತ್ತು ಈ ಸೀಮೆಗೆ ಬಂದ ಬಗೆಯು ವಿಚಿತ್ರವಾದದ್ದು. ಶಿವನಸಮುದ್ರದ ಶಕ್ತಿ ೧೯೦೨ರಲ್ಲಿ ಕೋಲಾರದ ಚಿನ್ನದ ಗಣಿಗಳನ್ನು ಮುಟ್ಟಿತು. ೧೯೦೫ರಲ್ಲಿ ಬೆಂಗಳೂರಿನ ಬೀದಿಗಳು ಬೆಳಗಿದವು. ೧೯೪೮ರಲ್ಲಿ ಜೋಗದ ವಿದ್ಯುದಾಗಾರವು ಕೆಲಸವನ್ನಾರಂಭಿಸಿದಾಗ ಅದು ಮೈಸೂರು ಸಂಸ್ಥಾನದ ಸ್ವತ್ತು. ಅದೇ ನೀರು ಕಡಲು ಸೇರುವ ಹೊನ್ನಾವರವೂ, ಅದರ ಬಡಗಣ ಅಂಕೋಲೆ, ಕಾರವಾರಗಳೂ ಮುಂಬಯಿ ಪ್ರಾಂತದವು. ೧೯೫೬ರ ರಾಜ್ಯ ಪುನರ್ವಿಂಗಡಣೆ ಮತ್ತು ೧೯೫೭ರ ಮೈಸೂರು ರಾಜ್ಯ ವಿದ್ಯುಚ್ಛಕ್ತಿ ಮಂಡಳಿಯ ಸ್ಥಾಪನೆ ಇವುಗಳ ತರುವಾಯವೇ ನೀರೂ ತಂತಿಯೂ ಜಿಲ್ಲೆಯೂ ಒಂದೇ ಆಡಳಿತದ ಕೆಳಗೆ ಬಂದವು. ಮುಂದೆ ಕಾಳಿಯ ಮೇಲೆ ಸೂಪಾ, ಕೊಡಸಳ್ಳಿ, ಕದ್ರಾ ಅಣೆಕಟ್ಟುಗಳಾದವು. ಕಾರವಾರ ತಾಲೂಕಿನ ಕೈಗಾದಲ್ಲಿ ೨೦೦೦ದಿಂದ ೨೦೧೧ರೊಳಗೆ ತಲಾ ೨೨೦ ಮೆಗಾವಾಟಿನ ನಾಲ್ಕು ಅಣುವಿದ್ಯುತ್ ಘಟಕಗಳು ನಡೆಯತೊಡಗಿದವು. ದೇಶಕ್ಕೆ ಬೆಳಕನ್ನೀಯುವ ಈ ಜಿಲ್ಲೆಯಲ್ಲಿಯೇ ಬಡವರ ಮನೆಗೆ ಭಾಗ್ಯಜ್ಯೋತಿ ಯೋಜನೆಯಿಂದ ದೊರೆತದ್ದು ಒಂದು ದೀಪ. ಆ ಒಂದನ್ನು ಎಲ್ಲಿ ನಿಲ್ಲಿಸಬೇಕೆಂಬುದು ಸಾಮಾನ್ಯ ಪ್ರಶ್ನೆಯಲ್ಲ. ನಡುಗೋಡೆಯ ಬಾಗಿಲಿನ ನೆತ್ತಿಯಲ್ಲಿಟ್ಟರೆ ಎರಡು ಕೋಣೆಗಳಿಗೂ ಅರ್ಧರ್ಧ ಬೆಳಕು.

ಹೆಂಚಿನ ಮನೆಗಳಲ್ಲಿ ತಂತಿಯು ಮನೆಯಾದ ಮೇಲೆ ಬರುತ್ತಿದ್ದಿತು. ಮರದ ಪಟ್ಟಿಯನ್ನು ತೊಲೆಗೂ ಗೋಡೆಗೂ ಹೊಡೆದು, ಅದರ ಮೇಲೆ ತಂತಿಯನ್ನು ಕ್ಲಿಪ್ಪುಗಳಿಂದ ಬಿಗಿದು, ಪಿಂಗಾಣಿಯ ಫ್ಯೂಸನ್ನೂ ಕಪ್ಪು ಗುಂಡು ಸ್ವಿಚ್ಚನ್ನೂ ಕೂಡಿಸುತ್ತಿದ್ದರು. ನೋಟಕ್ಕೆ ಅಂದವಿಲ್ಲದಿದ್ದರೂ ಅದರಲ್ಲೊಂದು ಗುಣವಿದ್ದಿತು: ತಪ್ಪಾದರೆ ಕಿತ್ತು ಬೇರೆಡೆಗೆ ಒಯ್ಯಬಹುದು. ಕಾಂಕ್ರೀಟಿನ ಚಾವಣಿ ಬಂದ ಮೇಲೆ ಈ ಕ್ರಮವು ತಲೆಕೆಳಗಾಯಿತು. ಪಂಖೆಯ ಕೊಕ್ಕೆ, ದೀಪದ ಪೆಟ್ಟಿಗೆ, ತಂತಿ ಹೋಗುವ ಕೊಳವೆ ಇವೆಲ್ಲ ಕಬ್ಬಿಣದ ಸರಳುಗಳ ನಡುವೆ ಮೊದಲೇ ಕೂತಿರಬೇಕು. ಗೋಡೆಯಲ್ಲಿ ಗಾಡಿ ಕೊರೆಯುವುದು ಗಿಲಾಯಿಗೆ ಮುಂಚೆಯೇ ಮುಗಿಯಬೇಕು. ಸಂಚರಿಸುತ್ತಿದ್ದ ದೀಪವು ಹೀಗೆ ಮನುಷ್ಯನು ಮನೆಯೊಳಗೆ ಕಾಲಿಡುವ ಮೊದಲೇ ಸ್ಥಾವರವಾಯಿತು. ದೀಪದ ‘ಯೋಜನೆ’ ಎಂಬ ಮಾತಿಗೆ ಅರ್ಥ ಬಂದದ್ದು ಇಲ್ಲಿಂದಲೇ. ಸೀಬರ್ಡ್ ನೌಕಾನೆಲೆಗಾಗಿ ಊರು ಬಿಟ್ಟು ತೋಡೂರು, ಹಾರವಾಡ ಮೊದಲಾದೆಡೆ ನೆಲೆಸಿದ ಕುಟುಂಬಗಳು ಹಳೆಯ ಮನೆಯನ್ನೂ ಅದರ ದೀಪದ ನೆಲೆಗಳನ್ನೂ ಒಟ್ಟಿಗೇ ಬಿಟ್ಟು, ಹೊಸತನ್ನು ಹಾಳೆಯ ಮೇಲೆ ಗೊತ್ತುಮಾಡಬೇಕಾಗಿದ್ದಿತು.

ಆ ಹಾಳೆಯನ್ನು ಬರೆಯುವಾಗ ಕೇಳಬೇಕಾದವರನ್ನು ಕೇಳುವುದುಂಟೇ? ದೀಪ–ಪಂಖೆಗಳ ಒಂದು ಸರ್ಕಿಟ್ಟಿಗೆ ಹತ್ತು ಪಾಯಿಂಟು ಅಥವಾ ೮೦೦ ವಾಟ್ ಮೀರಬಾರದೆಂಬ, ಬಹುಕಾಲದಿಂದ ನಡೆದುಬಂದ ನಿಯಮವನ್ನು ಕೆಲಸಗಾರನು ಬಲ್ಲನು; ದೀಪಕ್ಕೆ ೧.೫, ಸಾಕೆಟ್ಟಿಗೆ ೨.೫ ಚದರ ಮಿಲಿಮೀಟರ್ ದಪ್ಪದ ತಂತಿಯೆಂಬುದನ್ನೂ ಬಲ್ಲನು. ಅಡುಗೆಮನೆಯ ದೀಪವನ್ನು ಚಾವಣಿಯ ನಟ್ಟನಡುವೆ ಇಟ್ಟರೆ ಒಲೆಕಟ್ಟೆಯ ಕಡೆ ಮುಖಮಾಡಿ ನಿಂತವಳ ಬೆನ್ನಿಗೆ ಬೆಳಕು, ಕೈಗೆ ಅವಳದೇ ನೆರಳು ಎಂಬುದನ್ನು ಬಲ್ಲವಳು ಅವಳೊಬ್ಬಳೇ. ಹಳೆಯ ಮನೆಯಲ್ಲಿ ಅವಳು ಚಿಮಣಿಯನ್ನು ಎತ್ತಿ ಒಲೆಯ ಬದಿಗಿಟ್ಟುಕೊಳ್ಳುತ್ತಿದ್ದಳು. ಹೊಸ ಮನೆಯಲ್ಲಿ ಆ ಸ್ವಾತಂತ್ರ್ಯವಿಲ್ಲ. ಕಟ್ಟೆಯ ಮೇಲ್ಗಡೆ ಗೋಡೆಯಲ್ಲೊಂದು ದೀಪಕ್ಕೆ ತಗಲುವ ವೆಚ್ಚ ಅತ್ಯಲ್ಪ. ಗಿಲಾಯಿಯಾದ ಮೇಲೆ ಅದೇ ಕೆಲಸಕ್ಕೆ ಗೋಡೆ ಒಡೆಯಬೇಕು.

ಈ ನೆಲದ ಗುಣವನ್ನೂ ಯೋಜನೆಯು ಅರಿತಿರಬೇಕು. ಕೆಂಪುಕಲ್ಲು ನೀರು ಹೀರುವ ಕಲ್ಲು. ಮಳೆಗಾಲದಲ್ಲಿ ಕೊರೆದ ಗಾಡಿಯೊಳಗೆ ತೇವ ನಿಲ್ಲುತ್ತದೆ. ಉಪ್ಪುಗಾಳಿಗೆ ಕಬ್ಬಿಣದ ತಿರುಪುಗಳು ಬೇಗನೆ ತುಕ್ಕು ಹಿಡಿಯುವುದರಿಂದ ಹಿತ್ತಾಳೆಯವೇ ಲೇಸು. ೩೦ ಮಿಲಿಆಂಪಿಯರ್ ಸೋರಿಕೆಗೆ ಪ್ರವಾಹವನ್ನು ಕಡಿಯುವ ಉಪಕರಣವೂ, ಭೂಸಂಪರ್ಕವೂ ತೇವದ ಗೋಡೆಯನ್ನು ಮುಟ್ಟುವ ಕೈಗೆ ಪ್ರಾಣರಕ್ಷಕಗಳು. ೨೦೧೯ರ ಆಗಸ್ಟಿನಲ್ಲಿ ಕದ್ರಾದಿಂದ ಬಿಟ್ಟ ನೀರು ಕಾಳಿಯ ದಡದ ಮನೆಗಳಿಗೂ, ಗಂಗಾವಳಿಯ ನೆರೆ ಅಂಕೋಲೆಯ ಹಳ್ಳಿಗಳಿಗೂ ನುಗ್ಗಿತು. ಅಂಥಲ್ಲಿ ಮೀಟರನ್ನೂ ಮುಖ್ಯ ಬೋರ್ಡನ್ನೂ ನೆರೆಯ ಗುರುತಿಗಿಂತ ಮೇಲೆ ನಿಲ್ಲಿಸಿ, ಕೆಳಗಣ ಸಾಕೆಟ್ಟುಗಳ ಸರ್ಕಿಟ್ಟನ್ನು ದೀಪಗಳಿಂದ ಬೇರ್ಪಡಿಸಿದರೆ, ಸಾಕೆಟ್ಟುಗಳನ್ನು ಮೊದಲು ಆರಿಸಿ, ಸಾಮಾನು ಸಾಗಿಸುವಷ್ಟು ಹೊತ್ತಾದರೂ ದೀಪವನ್ನು ಉಳಿಸಿಕೊಳ್ಳಬಹುದು.

ಹಳೆಯ ಸ್ಥಿರ ನೆಲೆಗಳು ಮಾತ್ರ ಯಾರೂ ಹೇಳದೆಯೇ ಹೊಸ ಹಾಳೆಯನ್ನು ಸೇರುತ್ತವೆ. ದೇವರ ಕೋಣೆಗೊಂದು ಪಾಯಿಂಟು. ತುಳಸಿಕಟ್ಟೆಯವರೆಗೆ ಅಂಗಳದ ನೆಲದೊಳಗೊಂದು ಕೊಳವೆ. ವರ್ಷಕ್ಕೆ ಕೆಲವೇ ದಿನ ತೂಗುವ ದೀಪಾವಳಿಯ ಆಕಾಶಕಂದೀಲಿಗಾಗಿ ಮುಂಭಾಗದಲ್ಲೊಂದು ಕೊಕ್ಕೆ, ಅದಕ್ಕೊಂದು ಸ್ವಿಚ್ಚು. ಒಲೆಕಟ್ಟೆಯ ಮೇಲಿನ ದೀಪಕ್ಕೆ ಕೆಲಸಗಾರನು ಆಮೇಲೆ ಹೊರಮೈಯಲ್ಲಿ ಎಳೆದ ತಂತಿಯನ್ನು ಈಗಲೂ ಅನೇಕ ಮನೆಗಳಲ್ಲಿ ಕಾಣಬಹುದಾಗಿದೆ.